ಮೋಟಾರಿನ ದಾಹ ತಣಿಸಿದ ಮೈಬಾಕ್

ಪೆಟ್ರೋಲು ಬೇಡದ ವಿದ್ಯುತ್ ಕಾರುಗಳು ಈಗ ನಮ್ಮ ಊರುಗಳಲ್ಲಿಯೂ ಓಡಾಡುತ್ತಿವೆ. ಬೆಂಕಿಯೇ ಇಲ್ಲದ ಈ ಗಾಡಿಗೆ ತಂಪು ಮಾಡುವ ನೀರೇಕೆ ಎಂದು ಕೇಳುವವರುಂಟು. ಬ್ಯಾಟರಿಯೂ ಬಿಸಿಯೇರುತ್ತದೆ. ಹೆಚ್ಚು ಕಾದರೆ ಅದರ ಆಯುಷ್ಯ ಕುಗ್ಗುವುದು; ತೀರಾ ತಣ್ಣಗಿದ್ದರೆ ಬೇಗನೆ ಚಾರ್ಜು ಹಿಡಿಯಲೊಲ್ಲದು. ಆದುದರಿಂದ ಅನೇಕ ವಿದ್ಯುತ್ ಕಾರುಗಳ ಒಡಲಲ್ಲಿ ತಂಪಿನ ದ್ರವವೊಂದು ಸದಾ ಹರಿಯುತ್ತಿರುತ್ತದೆ. ತೋಟದಲ್ಲಿ ಕಣಿಯ ಮಣ್ಣು ಕಡಿದು ನೀರನ್ನು ಬೇಕಾದ ಬುಡಕ್ಕೆ ತಿರುಗಿಸಿದಂತೆ, ಆ ದ್ರವವನ್ನು ಅತ್ತಿತ್ತ ತಿರುಗಿಸಲು ವಾಲ್ವುಗಳಿವೆ. ಮೋಟಾರು ಗಾಡಿಯ ಬಿಸಿಯನ್ನು ಹೊರಹಾಕುವ ಈ ವಿದ್ಯೆಗೆ ಗಟ್ಟಿ ಬುನಾದಿ ಹಾಕಿದಾತ ಜರ್ಮನಿಯ ವಿಲ್ಹೆಲ್ಮ್ ಮೈಬಾಕ್. ಆತ ರಚಿಸಿದ ಶ್ರೇಷ್ಠ ಗಾಡಿಗೆ ಬಿದ್ದುದು ಮಾತ್ರ ಬೇರೊಬ್ಬರ ಮಗಳ ಹೆಸರು.

ಮೈಬಾಕ್ ಹುಟ್ಟಿದ್ದು 1846ರ ಫೆಬ್ರವರಿ 9ರಂದು, ಹೈಲ್‌ಬ್ರಾನ್ ಎಂಬಲ್ಲಿ. ತಂದೆ ಬಡಗಿ. ಐವರು ಗಂಡುಮಕ್ಕಳ ಆ ಸಂಸಾರಕ್ಕೆ ದುರ್ದೆಸೆ ಬಂದು, ಹತ್ತು ವರ್ಷ ತುಂಬುವಷ್ಟರಲ್ಲಿ ಹುಡುಗ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡ. ರಾಯ್ಟ್‌ಲಿಂಗೆನ್ ಪಟ್ಟಣದಲ್ಲಿ ಗುಸ್ತಾವ್ ವೆರ್ನರ್ ಎಂಬ ಧರ್ಮಬೋಧಕರು ನಡೆಸುತ್ತಿದ್ದ ಆಶ್ರಮ ಆತನಿಗೆ ಅನ್ನವಿತ್ತಿತು. ಅಲ್ಲಿನ ಯಂತ್ರಶಾಲೆಯಲ್ಲಿ ನಕ್ಷೆ ಬರೆಯುವುದನ್ನೂ ಕಲಿತ. ಆ ಶಾಲೆಯ ಮೇಲ್ವಿಚಾರಕನಾಗಿ ಬಂದ ಗಾಟ್‌ಲೀಬ್ ಡೈಮ್ಲರ್ 1865ರಲ್ಲಿ ಈ ತರುಣನ ಕೈಚಳಕವನ್ನು ಗುರುತಿಸಿದ. ಅಂದಿನಿಂದ ಡೈಮ್ಲರ್ ಹೋದಲ್ಲೆಲ್ಲ ಮೈಬಾಕ್.

ಇಬ್ಬರೂ 1882ರಲ್ಲಿ ಡಾಯ್ಟ್ಜ್ ಎಂಜಿನ್ ಕಾರ್ಖಾನೆಯನ್ನು ತೊರೆದು ಕಾನ್‌ಸ್ಟಾಟ್‌ನ ತೋಟದ ಗಾಜಿನ ಮನೆಯೊಳಗೆ ಪ್ರಯೋಗಕ್ಕಿಳಿದರು. ಹಗಲಿರುಳು ಒಳಗಿನಿಂದ ಸದ್ದು! ಖೋಟಾ ನಾಣ್ಯ ಅಚ್ಚು ಹಾಕುತ್ತಿದ್ದಾರೆಂದು ಶಂಕಿಸಿ ಪೊಲೀಸರು ಒಳನುಗ್ಗಿದ್ದೂ ಉಂಟು. ಅವರಿಗೆ ಸಿಕ್ಕಿದ್ದು ಎಂಜಿನ್‌ನ ಬಿಡಿಭಾಗಗಳು ಮಾತ್ರ.

ಇಲ್ಲಿಂದ ಮುಂದೆ ತೊಡಕಾದದ್ದು ಶಾಖ. ಉರುಳೆಯೊಳಗೆ 2000 ಡಿಗ್ರಿಗೂ ಮಿಕ್ಕಿದ ಉರಿ. ಅದರಲ್ಲಿ ಒಂದಂಶ ಚಕ್ರ ತಿರುಗಿಸಿದರೆ ಇನ್ನೊಂದು ದೊಡ್ಡ ಅಂಶ ಲೋಹಕ್ಕೆ ಏರುತ್ತದೆ. ಮೊದಲಿನ ಗಾಡಿಗಳಲ್ಲಿ ಎಂಜಿನ್‌ನ ಸುತ್ತ ನೀರು ತುಂಬಿ ಅದು ಕುದಿದು ಆವಿಯಾಗಲು ಬಿಡುತ್ತಿದ್ದರು. ದಾರಿಯುದ್ದಕ್ಕೂ ನೀರು ಹೊಯ್ಯುತ್ತಲೇ ಇರಬೇಕು. ಬಲ ಹೆಚ್ಚಿಸಿದಷ್ಟೂ ನೀರಿನ ಭಾರವೂ ಹೆಚ್ಚಿತು. ಮೈಬಾಕ್ 1889ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಒಯ್ದ ಉಕ್ಕಿನ ಚಕ್ರದ ಗಾಡಿಯಲ್ಲಿ ಚೌಕಟ್ಟಿನ ಕೊಳವೆಗಳೊಳಗೇ ನೀರನ್ನು ಹರಿಸಿದ. ಜಾಣತನವೇನೋ ಸರಿ, ಆದರೆ ದೊಡ್ಡ ಎಂಜಿನ್‌ಗೆ ಅದು ಸಾಲುವಂತಿರಲಿಲ್ಲ.

ಈ ನಡುವೆ 1890ರಲ್ಲಿ ಡೈಮ್ಲರ್ ಕಂಪೆನಿ ಸ್ಥಾಪನೆಯಾಯಿತು. ಹಣ ಹಾಕಿದವರು ಮೈಬಾಕನಿಗೆ ಒಪ್ಪತಕ್ಕ ಕರಾರು ಕೊಡಲಿಲ್ಲ. ಮರುವರ್ಷವೇ ಆತ ಹೊರಬಂದ. ಕಾನ್‌ಸ್ಟಾಟ್‌ನ ಹೋಟೆಲೊಂದರ ಸಭಾಂಗಣವನ್ನು ಡೈಮ್ಲರನ ಖರ್ಚಿನಲ್ಲಿ ಬಾಡಿಗೆಗೆ ಹಿಡಿದು ದುಡಿದ. ಪೆಟ್ರೋಲನ್ನು ತುಂತುರಾಗಿ ಸಿಂಪಡಿಸುವ ಕಾರ್ಬುರೇಟರ್ ಹುಟ್ಟಿದ್ದು ಅಲ್ಲಿಯೇ. 1895ರಲ್ಲಿ ಕಂಪೆನಿ ಮತ್ತೆ ಇಬ್ಬರನ್ನೂ ಕರೆಸಿಕೊಂಡಿತು. 1897ರಲ್ಲಿ ನೀರಿನ ಪೆಟ್ಟಿಗೆಯ ಮೂಲಕ ಅನೇಕ ಸಣ್ಣ ಕೊಳವೆಗಳನ್ನು ಹಾಯಿಸಿ, ಅವುಗಳೊಳಗೆ ಗಾಳಿ ನುಗ್ಗುವಂತೆ ಮಾಡಿದ ರೇಡಿಯೇಟರ್ ಸಿದ್ಧವಾಯಿತು.

1900ರ ಮಾರ್ಚ್ ತಿಂಗಳು ಕೆಟ್ಟದ್ದು. 6ರಂದು ಡೈಮ್ಲರ್ ತೀರಿಕೊಂಡ; 30ರಂದು ನೀಸ್ ಬಳಿಯ ಗುಡ್ಡದ ಓಟದಲ್ಲಿ ಕಂಪೆನಿಯ ಗಾಡಿ ಅಪಘಾತಕ್ಕೀಡಾಗಿ ಚಾಲಕ ವಿಲ್ಹೆಲ್ಮ್ ಬಾವರ್ ಅಸುನೀಗಿದ. ಗಾಡಿ ಎತ್ತರವಾಗಿತ್ತು, ಬಲಕ್ಕೆ ತಕ್ಕ ಮೈಕಟ್ಟು ಇರಲಿಲ್ಲ. ನೀಸ್‌ನಲ್ಲಿ ಈ ಗಾಡಿಗಳನ್ನು ಮಾರುತ್ತಿದ್ದ ಎಮಿಲ್ ಯೆಲಿನೆಕ್ ಎಂಬ ವರ್ತಕ ಹಿಂಜರಿಯದೆ, ತಗ್ಗಾದ, ಉದ್ದವಾದ, ಇನ್ನೂ ಬಲಶಾಲಿಯಾದ ಗಾಡಿ ಬೇಕೆಂದು ಪಟ್ಟುಹಿಡಿದು ಒಮ್ಮೆಲೇ 36 ಗಾಡಿಗಳಿಗೆ ಬೇಡಿಕೆ ಸಲ್ಲಿಸಿದ. ಹೆಸರು ಮಾತ್ರ ತನ್ನ ಮಗಳು ಮರ್ಸಿಡಿಸಳದ್ದಾಗಬೇಕು.

ಮೈಬಾಕ್ ಒಂದೇ ವರ್ಷದೊಳಗೆ ಅದನ್ನು ಸಿದ್ಧಪಡಿಸಿದ. 35 ಅಶ್ವಶಕ್ತಿಯ ಆ ಎಂಜಿನ್‌ನ ಮುಂದೆ ಜೇನುಹುಟ್ಟಿನಂತಹ ರೇಡಿಯೇಟರ್: 6 ಮಿಲಿಮೀಟರ್ ಚೌಕದ 8,070 ಕೊಳವೆಗಳು, ಅವುಗಳ ಸಂದುಗಳಲ್ಲಿ ನೀರು, ಹಿಂದೆ ಬೀಸಣಿಗೆ. ಮೊದಲು 18 ಲೀಟರ್ ಬೇಕಾಗಿದ್ದಲ್ಲಿ ಈಗ 9 ಲೀಟರ್ ಸಾಕಾಯಿತು. ಘಾಟಿಯ ತಿರುವಿನಲ್ಲಿ ಹಬೆ ಕಾರುತ್ತ ನಿಂತ ಬಸ್ಸಿಗೆ ಕ್ಲೀನರ್ ಹುಡುಗ ಕೊಡಪಾನದಿಂದ ನೀರು ಹೊಯ್ಯುತ್ತಿದ್ದುದನ್ನು ಕಂಡ ಹಿರಿಯರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1901ರ ಮಾರ್ಚಿಯಲ್ಲಿ ನೀಸ್‌ನ ಸ್ಪರ್ಧೆಗಳಲ್ಲಿ ಈ ಗಾಡಿ ಉಳಿದವುಗಳನ್ನೆಲ್ಲ ಹಿಂದಿಕ್ಕಿತು. ಇದರಲ್ಲಿ ಯೆಲಿನೆಕನ ಹಟದ ಪಾಲೂ ಇದೆ ಎಂದು ಒಪ್ಪಲೇಬೇಕು.

ಅದರಲ್ಲಿ ನೀರಿಗೆ ಇದ್ದುದು ಎಂಜಿನ್‌ನಿಂದ ರೇಡಿಯೇಟರಿಗೆ, ಅಲ್ಲಿಂದ ಮತ್ತೆ ಎಂಜಿನ್‌ಗೆ ಸಾಗುವ ಸುತ್ತು. ವಿದ್ಯುತ್ ಕಾರಿನ ವಾಲ್ವುಗಳು ಅದೇ ದ್ರವವನ್ನು ಬ್ಯಾಟರಿಗೂ ಮೋಟಾರಿಗೂ ಹಂಚಿ, ಚಳಿಯಲ್ಲಿ ಮೋಟಾರಿನ ಬಿಸಿಯಿಂದ ಬ್ಯಾಟರಿಯನ್ನು ಬೆಚ್ಚಗಿಡುವುದೂ ಉಂಟು. ಬೇಡವಾದ ಶಾಖವನ್ನು ಗಾಳಿಗೆ ಒಪ್ಪಿಸುವ ಹೊಣೆ ಇಂದಿಗೂ ಮುಂಭಾಗದ ರೇಡಿಯೇಟರಿನದೇ.

ಡೈಮ್ಲರನಿಲ್ಲದ ಕಂಪೆನಿಯಲ್ಲಿ ಮೈಬಾಕ್ ಬರಬರುತ್ತ ಮೂಲೆಗುಂಪಾಗಿ 1907ರಲ್ಲಿ ಹೊರನಡೆದ. ವಯಸ್ಸು ಅರುವತ್ತು ದಾಟಿದ್ದರೂ ಸುಮ್ಮನೆ ಕೂರಲಿಲ್ಲ. 1909ರಲ್ಲಿ ಮಗ ಕಾರ್ಲ್‌ನೊಂದಿಗೆ ಜೆಪ್ಪೆಲಿನ್ ವಾಯುನೌಕೆಗಳಿಗೆ ಎಂಜಿನ್ ಒದಗಿಸುವ ಉದ್ಯಮಕ್ಕೆ ಕೈಹಾಕಿದ. ಮುಂದೆ 1921ರಲ್ಲಿ ಆ ಮಗನೇ ಮನೆತನದ ಹೆಸರಿನ ಕಾರನ್ನು ಬರ್ಲಿನ್ನಿನಲ್ಲಿ ಪ್ರದರ್ಶಿಸಿದ. ಅದನ್ನು ನೋಡುವ ಭಾಗ್ಯ ತಂದೆಗಿತ್ತು. 1929ರ ದಶಂಬರ 29ರಂದು, ತನ್ನ 83ನೆಯ ವಯಸ್ಸಿನಲ್ಲಿ ಮೈಬಾಕ್ ನಿಧನ ಹೊಂದಿದ. ಕಾನ್‌ಸ್ಟಾಟ್‌ನಲ್ಲಿ ಡೈಮ್ಲರನ ಸಮಾಧಿಯಿರುವ ಸ್ಮಶಾನದಲ್ಲಿಯೇ ಆತನನ್ನೂ ಮಣ್ಣುಮಾಡಲಾಗಿದೆ.