ಗಣಕಯಂತ್ರಕ್ಕೆ ಭಾಷೆ ಕಲಿಸಿದ ಗ್ರೇಸ್ ಹಾಪರ್

ಸುಲಿಯುವ ಯಂತ್ರಗಳು ಬರುವ ಮೊದಲು, ಅಡಿಕೆಯ ಸುಗ್ಗಿ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳ ಅಂಗಳದಲ್ಲಿ ರಾತ್ರಿ ಬಹು ಹೊತ್ತಿನವರೆಗೆ ದೀಪ ಉರಿಯುತ್ತಿತ್ತು. ಹಸಿ ಅಡಿಕೆಯ ರಾಶಿ ಒಂದು ಕಡೆ. ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತು ಸುಲಿಯುವವರು ಇನ್ನೊಂದು ಕಡೆ. ಯಾರು ಎಷ್ಟು ಸುಲಿದರೆಂಬುದನ್ನು ಅಳೆದು ಲೆಕ್ಕ ಬರೆಯುತ್ತಿದ್ದರು. ಆದರೆ ಮೊಂಡಾದ ಕತ್ತಿಯನ್ನು ಕಾಯಿಸಿ ಬಡಿದು ಹದಗೊಳಿಸಿಕೊಟ್ಟ ಕಮ್ಮಾರನ ಹೆಸರು ಆ ಲೆಕ್ಕದಲ್ಲಿ ಬರುತ್ತಿರಲಿಲ್ಲ. ಅವನ ಕುಲುಮೆ ಉರಿಯದಿದ್ದರೆ ಮಾತ್ರ ಎಲ್ಲರಿಗೂ ಅವನ ನೆನಪಾಗುತ್ತಿತ್ತು.

ಗಣಕಯಂತ್ರದ ಲೋಕದಲ್ಲಿಯೂ ಇಂತಹ ಕುಲುಮೆಯ ಕೆಲಸವೊಂದುಂಟು. ಗಣಕಯಂತ್ರವು ಸ್ವತಃ ತಿಳಿದಿರುವುದು ಸಂಖ್ಯೆಗಳನ್ನು ಮಾತ್ರ. ಅದು ಮಾಡಬೇಕಾದ ಕೆಲಸವನ್ನು ಮನುಷ್ಯನು ತನಗೆ ಅರ್ಥವಾಗುವ ಪದಗಳಲ್ಲಿ ಬರೆಯುತ್ತಾನೆ. ಆ ಬರಹಕ್ಕೆ ಕ್ರಮವಿಧಿಯೆಂದು ಹೆಸರು. ಅದನ್ನು ಯಂತ್ರದ ಸಂಖ್ಯೆಗಳಾಗಿ ಮಾರ್ಪಡಿಸುವ ಉಪಕರಣವೇ ಕಂಪೈಲರ್. ಅದೂ ಒಂದು ಕ್ರಮವಿಧಿಯೇ. ಲಿನಕ್ಸ್‌ನಂತಹ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳ ಮೂಲಬರಹವನ್ನು ಇಂದು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಆದರೆ ಬರಹವಿದ್ದ ಮಾತ್ರಕ್ಕೆ ವ್ಯವಸ್ಥೆಯು ಸಿದ್ಧವಾಗುವುದಿಲ್ಲ. ಅದರ ಸಾವಿರಾರು ತುಣುಕುಗಳನ್ನು ಮಾರ್ಪಡಿಸಿ, ತಪ್ಪದ ಕ್ರಮದಲ್ಲಿ ಜೋಡಿಸಿಕೊಡುವ ಉಪಕರಣಗಳು ಬೇಕು. ಆ ಉಪಕರಣಗಳನ್ನು ಸುಸ್ಥಿತಿಯಲ್ಲಿಡುವ ಜನರೂ ಬೇಕು. ಈ ಕೆಲಸಕ್ಕೆ ಮೊದಲ ಕುಲುಮೆಯನ್ನು ಹೂಡಿದವರಲ್ಲಿ ಅಮೆರಿಕದ ಗ್ರೇಸ್ ಹಾಪರ್ ಪ್ರಮುಖರು.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಮೂವರು ಮಕ್ಕಳಲ್ಲಿ ಆಕೆಯೇ ಹಿರಿಯಳು. ಏಳು ವರ್ಷದ ಹುಡುಗಿಗೆ ಗಂಟೆ ಬಾರಿಸುವ ಗಡಿಯಾರದ ಒಳಗೇನಿದೆಯೆಂದು ನೋಡುವ ಆಸೆಯಾಯಿತು. ಒಂದನ್ನು ಬಿಚ್ಚಿದಳು, ಮತ್ತೆ ಜೋಡಿಸಲು ಬರಲಿಲ್ಲ. ಅದನ್ನು ತಿಳಿಯಲು ಇನ್ನೊಂದನ್ನು ಬಿಚ್ಚಿದಳು. ತಾಯಿಗೆ ಗೊತ್ತಾಗುವ ಹೊತ್ತಿಗೆ ಮನೆಯ ಏಳು ಗಡಿಯಾರಗಳ ಚಕ್ರಗಳು ನೆಲದ ಮೇಲೆ ಹರಡಿದ್ದವು. ತಾಯಿ ದಂಡಿಸಲಿಲ್ಲ, ಇನ್ನು ಮುಂದೆ ಒಂದೇ ಗಡಿಯಾರವನ್ನು ಬಿಚ್ಚತಕ್ಕದ್ದೆಂದು ಗೊತ್ತುಮಾಡಿದರು. ಆ ತಾಯಿಗೂ ಗಣಿತವೆಂದರೆ ಬಹಳ ಪ್ರೀತಿ. ಕಾಯಿಲೆಯಿಂದ ಎರಡೂ ಕಾಲುಗಳನ್ನು ಕಳೆದುಕೊಂಡ ತಂದೆ, ಹೆಣ್ಣುಮಕ್ಕಳಿಗೂ ಮಗನಿಗೆ ಸಿಗುವಷ್ಟೇ ವಿದ್ಯೆ ಸಿಗಬೇಕೆಂದು ಹಟ ಹಿಡಿದವರು.

ವಸ್ಸಾರ್ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಗ್ರೇಸ್ ಮೊದಲ ಸಲ ಲ್ಯಾಟಿನ್ ಭಾಷೆಯಲ್ಲಿ ಅನುತ್ತೀರ್ಣಳಾದಳು. ಮುಂದೆ ಭಾಷೆಗಳನ್ನೇ ನಿರ್ಮಿಸಿದವಳು ಭಾಷೆಯ ಪರೀಕ್ಷೆಯಲ್ಲಿ ಎಡವಿದ್ದು ವಿಚಿತ್ರವೇ ಸರಿ. ಮರುವರ್ಷ ಪ್ರವೇಶ ದೊರೆಯಿತು. 1928ರಲ್ಲಿ ಪದವಿ, 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್. ನಡುವೆ 1930ರಲ್ಲಿ ವಿನ್ಸೆಂಟ್ ಹಾಪರ್ ಎಂಬ ಅಧ್ಯಾಪಕರೊಡನೆ ವಿವಾಹವಾಯಿತು. 1945ರಲ್ಲಿ ಅದು ಮುರಿದುಬಿದ್ದರೂ ಹಾಪರ್ ಎಂಬ ಹೆಸರು ಉಳಿಯಿತು. ಓದಿದ ವಸ್ಸಾರ್ ಕಾಲೇಜಿನಲ್ಲಿಯೇ ಆಕೆ ಗಣಿತದ ಉಪನ್ಯಾಸಕಿಯಾದರು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ಹಾಪರ್ ನೌಕಾಪಡೆಯನ್ನು ಸೇರಬಯಸಿದರು. ವಯಸ್ಸು ಹೆಚ್ಚು, ತೂಕ ಕಡಿಮೆಯೆಂದು ಅಡ್ಡಿಗಳು ಎದುರಾದವು. ತೂಕದ ನಿಯಮದಿಂದ ವಿನಾಯಿತಿ ಪಡೆದು 1943ರ ಡಿಸೆಂಬರಿನಲ್ಲಿ ಮೀಸಲು ಪಡೆಯನ್ನು ಸೇರಿಯೇ ಸೇರಿದರು. ತರಬೇತಿಯಲ್ಲಿ ಮೊದಲ ಸ್ಥಾನ ಪಡೆದ ಆಕೆಯನ್ನು 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಲಾಯಿತು. ಅಲ್ಲಿ ಹೊವಾರ್ಡ್ ಐಕೆನ್ ಎಂಬ ವಿಜ್ಞಾನಿಯ ಕೈಕೆಳಗೆ ಮಾರ್ಕ್ ಒನ್ ಎಂಬ ಬೃಹತ್ ಗಣಕಯಂತ್ರವಿತ್ತು. ಅದರ ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು ಐದು ಟನ್ನು. ಅದು ಒಂದು ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು! ಇಂದಿನ ಬಾಲಕರಿಗೆ ನಗು ಬಂದೀತು. ಆದರೆ ಅಂದು ಅದು ಹಗಲಿರುಳೂ ಬಿಡುವಿಲ್ಲದೆ ದುಡಿಯುತ್ತಿತ್ತು. ಕಾಗದದ ಪಟ್ಟಿಯಲ್ಲಿ ತೂತುಗಳನ್ನು ಕೊರೆದು ಅದಕ್ಕೆ ಆಜ್ಞೆ ಕೊಡಬೇಕಾಗಿತ್ತು. ಅಣುಬಾಂಬಿಗೆ ಸಂಬಂಧಿಸಿದ ಒಂದು ಲೆಕ್ಕವೂ ಅಲ್ಲಿಗೆ ಬಂದಿತ್ತು. ಅದು ಯಾತಕ್ಕೆಂಬುದನ್ನು ಕೆಲಸಮಾಡುವವರಿಗೆ ಆಗ ತಿಳಿಸಿರಲಿಲ್ಲ. ಆ ಯಂತ್ರವನ್ನು ನಡೆಸುವ ಬಗೆಯನ್ನು ವಿವರಿಸುವ, ಐನೂರು ಪುಟಗಳಿಗೂ ಮೀರಿದ ಕೈಪಿಡಿಯನ್ನು ಹಾಪರ್ ಸಿದ್ಧಪಡಿಸಿದರು.

1947ರ ಸೆಪ್ಟೆಂಬರ್ 9ರಂದು, ಮುಂದಿನ ಯಂತ್ರವಾದ ಮಾರ್ಕ್ ಟೂ ಕೆಟ್ಟು ನಿಂತಿತು. ಹುಡುಕಿದಾಗ ಒಳಗಿನ ಒಂದು ವಿದ್ಯುತ್ ಸ್ವಿಚ್ಚಿನಲ್ಲಿ ಪತಂಗವೊಂದು ಸಿಕ್ಕಿ ಸತ್ತಿತ್ತು. ಅದನ್ನು ತೆಗೆದು ದಿನಚರಿಯ ಪುಸ್ತಕಕ್ಕೆ ಅಂಟಿಸಿದರು. ಯಂತ್ರದ ದೋಷಕ್ಕೆ ಹುಳು ಎಂಬ ಅರ್ಥದ ‘ಬಗ್’ ಎಂಬ ಹೆಸರು ಅಂದೇ ಹುಟ್ಟಿತೆಂದೂ, ಆ ಹುಳುವನ್ನು ಹಿಡಿದವರು ಹಾಪರ್ ಎಂದೂ ಹೇಳುವುದುಂಟು. ಇವೆರಡೂ ಸರಿಯಲ್ಲ. ಆ ಮಾತು ಅದಕ್ಕಿಂತ ಹಳೆಯದು. ಹುಳುವನ್ನು ಕಂಡವರು ಬೇರೆಯವರು. ಹಾಪರ್ ಆ ಕಥೆಯನ್ನು ಸೊಗಸಾಗಿ ಹೇಳಿ ಜಗತ್ತಿಗೆ ಹರಡಿದರು, ಅಷ್ಟೆ.

ಹಾಪರ್ ಅವರ ಮನಸ್ಸನ್ನು ಕಾಡುತ್ತಿದ್ದ ಹುಳುವೇ ಬೇರೆ. ಪದೇ ಪದೇ ಬೇಕಾಗುವ ಲೆಕ್ಕಗಳ ಆಜ್ಞೆಗಳನ್ನು ಅವರೂ ಸಹೋದ್ಯೋಗಿಗಳೂ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡಿದ್ದರು. ಒಬ್ಬರ ಪುಸ್ತಕದಿಂದ ಇನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ಆದರೆ ಹೊಸ ಕ್ರಮವಿಧಿಯಲ್ಲಿ ಆ ತುಣುಕು ಕುಳಿತುಕೊಳ್ಳುವ ಜಾಗ ಬೇರೆ; ಆದುದರಿಂದ ಅದರಲ್ಲಿನ ಪ್ರತಿಯೊಂದು ವಿಳಾಸಕ್ಕೂ ಬೇರೆ ಸಂಖ್ಯೆಯನ್ನು ಕೂಡಿಸಬೇಕಾಗಿತ್ತು. ನಕಲು ಮಾಡುವಾಗ ಒಂದು ಅಕ್ಷರ ಅಂಕಿಯಾಗುವುದು, ಕೂಡುವಾಗ ಒಂದು ಅಂಕಿ ತಪ್ಪುವುದು, ಇಡೀ ರಾತ್ರಿಯ ಶ್ರಮ ವ್ಯರ್ಥವಾಗುವುದು – ಇದು ನಿತ್ಯದ ಪಾಡಾಗಿತ್ತು. ಗಣಿತದಲ್ಲಿ ಡಾಕ್ಟರೇಟ್ ಪಡೆದವರೇ ಕೂಡುವುದರಲ್ಲಿ ತಪ್ಪುತ್ತಿದ್ದರು. ಕೂಡಲೆಂದೇ ಕಟ್ಟಿದ ಯಂತ್ರ ಪಕ್ಕದಲ್ಲಿಯೇ ಇತ್ತು. ಹಾಗಿದ್ದ ಮೇಲೆ ನಕಲು ಮಾಡಿ, ವಿಳಾಸ ಕೂಡಿಸಿ, ತುಣುಕುಗಳನ್ನು ಜೋಡಿಸುವ ಚಾಕರಿಯನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದು?

ಯುದ್ಧ ಮುಗಿದ ಮೇಲೆ ವಸ್ಸಾರ್ ಕಾಲೇಜು ಆಕೆಯನ್ನು ಪ್ರಾಧ್ಯಾಪಕಿಯಾಗಿ ಮರಳಿ ಕರೆಯಿತು. ಹಾಪರ್ ಒಪ್ಪಲಿಲ್ಲ. 1949ರಲ್ಲಿ ಫಿಲಡೆಲ್ಫಿಯ ನಗರದ ಎಕರ್ಟ್–ಮಾಕ್ಲಿ ಎಂಬ ಹೊಸ ಸಂಸ್ಥೆಯನ್ನು ಸೇರಿದರು. ನಮ್ಮ ನಾಡಿನಲ್ಲಿ ಜೋಗದ ನೀರಿನಿಂದ ವಿದ್ಯುತ್ತನ್ನು ತೆಗೆಯತೊಡಗಿದ್ದೂ ಹೆಚ್ಚುಕಡಿಮೆ ಆ ಕಾಲದಲ್ಲಿಯೇ. ಯೂನಿವ್ಯಾಕ್ ಎಂಬ ಗಣಕಯಂತ್ರವನ್ನು ನಿರ್ಮಿಸುತ್ತಿದ್ದ ಆ ಸಂಸ್ಥೆಯಲ್ಲಿ ಹಾಪರ್ ತಮ್ಮ ಯೋಚನೆಯನ್ನು ಕಾರ್ಯಕ್ಕಿಳಿಸಿದರು. ಸಿದ್ಧ ತುಣುಕುಗಳಿಗೆಲ್ಲ ಒಂದೊಂದು ಸಂಕೇತ ಕೊಟ್ಟು, ಅವನ್ನು ಕಾಂತಪಟ್ಟಿಯಲ್ಲಿ ತುಂಬಿಟ್ಟರು. ಬೇಕಾದ ಸಂಕೇತಗಳನ್ನು ಸಾಲಾಗಿ ಕೊಟ್ಟರೆ ಯಂತ್ರವೇ ತುಣುಕುಗಳನ್ನು ಹುಡುಕಿ, ವಿಳಾಸಗಳನ್ನು ಸರಿಪಡಿಸಿ, ಪೂರ್ಣ ಕ್ರಮವಿಧಿಯನ್ನು ಕಟ್ಟಿಕೊಡುತ್ತಿತ್ತು.

ಇದರಲ್ಲಿ ಒಂದು ತೊಡಕಿತ್ತು. ಕ್ರಮವಿಧಿಯು ಕೆಲವೊಮ್ಮೆ ಮುಂದಿನ ಭಾಗಕ್ಕೆ ಜಿಗಿಯಬೇಕಾಗುತ್ತದೆ. ಆದರೆ ಆ ಭಾಗವನ್ನು ಇನ್ನೂ ಕಟ್ಟಿಯೇ ಇಲ್ಲ. ಅದರ ವಿಳಾಸ ತಿಳಿಯುವುದೆಂತು? ಹಾಪರ್ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು. ಅಂದಿನ ಹುಡುಗಿಯರ ಆಟದ ನಿಯಮದಂತೆ ಚೆಂಡನ್ನು ಪುಟಿಸುತ್ತ ದೂರ ಓಡುವಂತಿರಲಿಲ್ಲ. ಚೆಂಡನ್ನು ಜೊತೆಗಾತಿಗೆ ಎಸೆದು, ತಾನು ಮುಂದೆ ಓಡಿ, ಅಲ್ಲಿ ಮರಳಿ ಪಡೆಯಬೇಕಾಗಿತ್ತು. ಅದೇ ಉಪಾಯವನ್ನು ಹಾಪರ್ ಇಲ್ಲಿ ಹೂಡಿದರು. ಸ್ಮೃತಿಕೋಶದ ಒಂದು ಮೂಲೆಯನ್ನು ಖಾಲಿ ಇಟ್ಟು, ಜಿಗಿತವನ್ನು ಆ ಮೂಲೆಗೆ ಕಳುಹಿಸಿದರು. ಮುಂದಿನ ಭಾಗ ಬಂದು ಕುಳಿತ ಮೇಲೆ ಅದರ ವಿಳಾಸವನ್ನು ಆ ಮೂಲೆಯಲ್ಲಿ ಬರೆಯುವಂತೆ ಮಾಡಿದರು.

1952ರಲ್ಲಿ ಎ-ಸೊನ್ನೆ ಎಂಬ ಈ ಕಂಪೈಲರ್ ಕೆಲಸ ಮಾಡತೊಡಗಿತು. ಆದರೆ ನಂಬುವವರು ವಿರಳ. ಗಣಕಯಂತ್ರ ಲೆಕ್ಕ ಮಾಡಬಲ್ಲುದೇ ಹೊರತು ಕ್ರಮವಿಧಿಯನ್ನು ಬರೆಯಲಾರದೆಂಬುದು ಅಂದಿನ ಪಂಡಿತರ ಮತ. ಈ ಮತದ ಹಿಂದೆ ಬೇರೊಂದು ಸಂಗತಿಯೂ ಇತ್ತು. ಯಂತ್ರದ ಸಂಖ್ಯೆಗಳ ಭಾಷೆಯನ್ನು ಬಲ್ಲವರು ಕೆಲವೇ ಜನ. ಆ ವಿದ್ಯೆ ಸುಲಭವಾದರೆ ಅವರ ಹಿರಿಮೆ ಉಳಿಯುವುದೆಲ್ಲಿ? ಹಾಪರ್ ವಾದಕ್ಕೆ ನಿಲ್ಲಲಿಲ್ಲ. 1953ರಲ್ಲಿ ಎ-ಟೂ ಎಂಬ ಮುಂದಿನ ಕಂಪೈಲರನ್ನು ಅದರ ಮೂಲಬರಹದ ಸಮೇತ ಗ್ರಾಹಕರ ಕೈಗಿಟ್ಟು, ತಿದ್ದುಪಡಿಗಳನ್ನು ಮಾಡಿ ಕಳುಹಿಸುವಂತೆ ಕೇಳಿದರು. ಉಪಕರಣದ ಗುಟ್ಟನ್ನು ಮುಚ್ಚಿಡದೆ ಬಳಸುವವರಿಗೇ ಒಪ್ಪಿಸುವ ಪದ್ಧತಿಗೆ, ಮುಕ್ತ ತಂತ್ರಾಂಶವೆಂಬ ಹೆಸರು ಹುಟ್ಟುವುದಕ್ಕೆ ದಶಕಗಳ ಮೊದಲೇ, ಇದೊಂದು ನಿದರ್ಶನ.

ವ್ಯಾಪಾರದ ಕಚೇರಿಗಳಲ್ಲಿ ಕೆಲಸಮಾಡುವವರು ಗಣಿತದ ಚಿಹ್ನೆಗಳಿಗೆ ಹೆದರುವುದನ್ನು ಕಂಡ ಹಾಪರ್, ಸಾಮಾನ್ಯ ಇಂಗ್ಲಿಷ್ ಪದಗಳಲ್ಲಿಯೇ ಆಜ್ಞೆ ಕೊಡುವ ಕಂಪೈಲರಿಗೆ ಕೈಹಾಕಿದರು. ಪದವೂ ಯಂತ್ರದ ಪಾಲಿಗೆ ಒಂದು ಚಿಹ್ನೆಯೇ ಎಂಬುದನ್ನು ತೋರಿಸಲು, ಅದೇ ಕ್ರಮವಿಧಿಯನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ಬರೆದು ಸಂಸ್ಥೆಯ ಮೇಲಧಿಕಾರಿಗಳ ಮುಂದಿಟ್ಟರು. ಅವರು ಹೌಹಾರಿದರು. ಅಮೆರಿಕದಲ್ಲಿ ಕಟ್ಟಿದ ಯಂತ್ರ ಪರದೇಶದ ಭಾಷೆಯನ್ನು ತಿಳಿಯುವುದೆಂದರೇನು! ಇಂಗ್ಲಿಷನ್ನು ಬಿಟ್ಟು ಬೇರೇನನ್ನೂ ಬಳಸುವುದಿಲ್ಲವೆಂದು ಮಾತು ಕೊಡದೆ ಹಾಪರ್ ಅವರಿಗೆ ಗತ್ಯಂತರವಿರಲಿಲ್ಲ. ಆ ಪದಗಳು ಕನ್ನಡದವಾಗಿದ್ದರೂ ಯಂತ್ರಕ್ಕೆ ಭೇದವಿರುತ್ತಿರಲಿಲ್ಲ. ಭೇದವಿದ್ದದ್ದು ಅಧಿಕಾರಿಗಳ ಮನಸ್ಸಿನಲ್ಲಿ. ಫ್ಲೋಮ್ಯಾಟಿಕ್ ಎಂಬ ಹೆಸರಿನಿಂದ ಬಳಕೆಗೆ ಬಂದ ಆ ಭಾಷೆಯ ತಳಹದಿಯ ಮೇಲೆಯೇ, 1959ರಲ್ಲಿ ಕೂಡಿದ ಒಂದು ಸಮಿತಿ ಕೋಬಾಲ್ ಭಾಷೆಯನ್ನು ರೂಪಿಸಿತು. ಕೋಬಾಲ್ ಹಾಪರ್ ಒಬ್ಬರ ಸೃಷ್ಟಿಯಲ್ಲ. ಆದರೆ ಅವರ ಕೆಲಸವಿಲ್ಲದೆ ಅದು ಆ ರೂಪ ತಾಳುತ್ತಿರಲಿಲ್ಲ. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಕ್ರಮವಿಧಿಯು ಎರಡು ಬೇರೆ ಬೇರೆ ಸಂಸ್ಥೆಗಳ ಗಣಕಯಂತ್ರಗಳಲ್ಲಿ ನಡೆದು ಒಂದೇ ಉತ್ತರವನ್ನು ಕೊಟ್ಟಿತು.

ಉಪಕರಣವನ್ನು ಮಾಡುವುದು ಒಂದು. ಅದನ್ನು ಕೆಡದಂತೆ ಕಾಯುವುದು ಇನ್ನೊಂದು. ಎರಡನೆಯದಕ್ಕೆ ಕೀರ್ತಿ ಕಡಿಮೆ, ದುಡಿಮೆ ಹೆಚ್ಚು. 1966ರ ಕೊನೆಯಲ್ಲಿ ನೌಕಾಪಡೆ ವಯಸ್ಸಾಯಿತೆಂದು ಹಾಪರ್ ಅವರನ್ನು ನಿವೃತ್ತಿಗೊಳಿಸಿತು. ಏಳೆಂಟು ತಿಂಗಳಲ್ಲಿಯೇ, 1967ರ ಆಗಸ್ಟಿನಲ್ಲಿ, ಆರು ತಿಂಗಳ ಮಟ್ಟಿಗೆಂದು ಮತ್ತೆ ಕರೆಯಿತು. ಕಾರಣವಿತ್ತು. ಒಬ್ಬೊಬ್ಬ ತಯಾರಕರ ಕೋಬಾಲ್ ಕಂಪೈಲರ್ ಒಂದೊಂದು ಬಗೆಯಲ್ಲಿ ನಡೆಯುತ್ತ, ಒಂದು ಯಂತ್ರಕ್ಕೆ ಬರೆದದ್ದು ಇನ್ನೊಂದರಲ್ಲಿ ನಡೆಯದಂತಾಗಿತ್ತು. ಹಾಪರ್ ಮತ್ತು ಅವರ ಸಂಗಡಿಗರು ಕಂಪೈಲರುಗಳನ್ನೇ ಪರೀಕ್ಷಿಸುವ ಕ್ರಮವಿಧಿಗಳನ್ನು ಸಿದ್ಧಪಡಿಸಿದರು. ಕಂಪೈಲರ್ ನಿಯಮಕ್ಕೆ ಸರಿಯಾಗಿ ನಡೆಯುವುದೇ ಇಲ್ಲವೇ ಎಂಬುದನ್ನು ಒರೆಗಲ್ಲಿಗೆ ಚಿನ್ನ ಉಜ್ಜಿದಂತೆ ಅವು ತೋರಿಸುತ್ತಿದ್ದವು. ಇಂದಿಗೂ ಮುಕ್ತ ವ್ಯವಸ್ಥೆಗಳ ಕಂಪೈಲರನ್ನು ಯಾರಾದರೂ ತಿದ್ದಿದರೆ, ಇಂತಹ ಪರೀಕ್ಷೆಗಳನ್ನು ದಾಟಿಸಿದ ಬಳಿಕವೇ ಅದನ್ನು ಬಳಕೆಗೆ ಬಿಡುತ್ತಾರೆ. ಆರು ತಿಂಗಳ ಆ ಕರೆ ಹತ್ತೊಂಬತ್ತು ವರ್ಷಗಳವರೆಗೆ ಬೆಳೆಯಿತು.

ಆ ವರ್ಷಗಳಲ್ಲಿ ಹಾಪರ್ ದೇಶವನ್ನೆಲ್ಲ ಸುತ್ತಿ ಉಪನ್ಯಾಸ ಮಾಡಿದರು. ಅವರ ಕೈಚೀಲದಲ್ಲಿ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳು ಇರುತ್ತಿದ್ದವು. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಕಾಲದಲ್ಲಿ ವಿದ್ಯುತ್ತು ಹೆಚ್ಚೆಂದರೆ ಕ್ರಮಿಸಬಲ್ಲ ದೂರ ಅಷ್ಟು. ಆ ಪಾಲಿಗೆ ನ್ಯಾನೋಸೆಕೆಂಡ್ ಎಂದು ಹೆಸರು. ದಂಡನಾಯಕರಿಗೂ ವಿದ್ಯಾರ್ಥಿಗಳಿಗೂ ಅವರು ಅದನ್ನೇ ಹಂಚುತ್ತಿದ್ದರು. ಅದರ ಸಾವಿರ ಪಟ್ಟು ಕಾಲವನ್ನು ತೋರಿಸಲು ಸುಮಾರು 300 ಮೀಟರ್ ತಂತಿಯ ಸುರುಳಿಯೊಂದಿತ್ತು. ಕಚೇರಿಯ ಗೋಡೆಯ ಮೇಲಿನ ಗಡಿಯಾರ ಹಿಂದುಮುಂದಾಗಿ ತಿರುಗುತ್ತಿತ್ತು. ಹಿಂದಿನಿಂದ ನಡೆದುಬಂದದ್ದೇ ಸರಿಯೆಂದು ಹಟಮಾಡುವವರಿಗೆ ಅದೇ ಅವರ ಉತ್ತರ. ಬಾಲ್ಯದಲ್ಲಿ ಬಿಚ್ಚಿದ ಗಡಿಯಾರಗಳ ಋಣ ಹೀಗೆ ತೀರಿತೆನ್ನಬಹುದು.

1986ರ ಆಗಸ್ಟಿನಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಲ್ಲಿದ್ದ ಹಾಪರ್ ಬಾಸ್ಟನ್ ಬಂದರಿನಲ್ಲಿ ಒಂದು ಹಳೆಯ ಯುದ್ಧನೌಕೆಯ ಮೇಲೆ ನಡೆದ ಸಮಾರಂಭದಲ್ಲಿ ನಿವೃತ್ತರಾದರು. ಸುಮ್ಮನೆ ಕೂರಲಿಲ್ಲ, ಗಣಕಯಂತ್ರ ತಯಾರಿಸುವ ಸಂಸ್ಥೆಯೊಂದಕ್ಕೆ ಸಲಹೆಗಾರರಾದರು. 1991ರ ಸೆಪ್ಟೆಂಬರಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್‌ನ ಮೊದಲ ಬರಹವನ್ನು ಎಲ್ಲರ ಮುಂದಿಟ್ಟನು. ಅದನ್ನು ಕಟ್ಟಲು ಆತ ಬಳಸಿದ್ದು ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ ಮುಕ್ತ ಕಂಪೈಲರನ್ನು. ಅದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, 1992ರ ಜನವರಿ 1ರಂದು, ಗ್ರೇಸ್ ಹಾಪರ್ ನಿಧನರಾದರು. ಅವರ ಹೆಸರಿನ ಯುದ್ಧನೌಕೆಯೊಂದು 1997ರಲ್ಲಿ ನೌಕಾಪಡೆಯನ್ನು ಸೇರಿತು. ಪತಂಗವನ್ನು ಅಂಟಿಸಿದ ಆ ದಿನಚರಿಯ ಪುಸ್ತಕವೂ, ಅವರು ಹಂಚುತ್ತಿದ್ದ ತಂತಿಯ ತುಂಡುಗಳಲ್ಲಿ ಕೆಲವೂ ವಾಷಿಂಗ್ಟನ್ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ.