ವಜ್ರದ ಓಲೆ ಬೇಡ ಅಂದ ಅನ್ನಾ ಮಣಿ

ನಮ್ಮ ಗೋಗಿಗೆ ಹತ್ತಿರದ ವಿಮಾನ ನಿಲ್ದಾಣ ಅಂದ್ರೆ ಕಲಬುರಗಿದು, 2019ರ ನವೆಂಬರ್‌ನಲ್ಲಿ ಶುರುವಾದದ್ದು. ಅಲ್ಲಾಗಲಿ ಬೆಂಗಳೂರಲ್ಲಾಗಲಿ, ಇಳಿಯುವ ಮುಂಚೆ ಪೈಲಟ್‌ಗೆ ಒಂದಿಷ್ಟು ಅಂಕಿ ಬೇಕೇ ಬೇಕು. ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ಎಷ್ಟು ದೂರ ಕಾಣುತ್ತೆ, ಮೋಡ ಎಷ್ಟು ಎತ್ತರದಲ್ಲಿದೆ, ವಾಯುಭಾರ ಎಷ್ಟು. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕಲ್ಲ, ಹಾಗಾಗಿ ರನ್‌ವೇಯ ಯಾವ ತುದಿ ಅನ್ನೋದನ್ನ ಗಾಳಿನೇ ಹೇಳುತ್ತೆ. ವಾಯುಭಾರ ಒಂದು ಹೆಕ್ಟೋಪ್ಯಾಸ್ಕಲ್ ತಪ್ಪಿದ್ರೆ ಆಲ್ಟಿಮೀಟರ್ ಸುಮಾರು 27 ಅಡಿ ತಪ್ಪು ತೋರಿಸುತ್ತೆ. ಹತ್ತು ತಪ್ಪಿದ್ರೆ ಎಷ್ಟಾಯ್ತು? ನೀವೇ ಲೆಕ್ಕ ಹಾಕ್ರಿ. ಮಂಜು ಕವಿದ ಬೆಳಗ್ಗೆ ಅದು ಸಣ್ಣ ತಪ್ಪಲ್ಲ.

ಇಂಥ ಅಳತೆಗಳನ್ನ ನಂಬುವ ಹಾಗೆ ಮಾಡಿದವರಲ್ಲಿ ಅನ್ನಾ ಮಣಿ ದೊಡ್ಡ ಹೆಸರು. ಹುಟ್ಟಿದ್ದು 1918ರಲ್ಲಿ, ತಿರುವಾಂಕೂರಿನ ಪೀರುಮೇಡಿನಲ್ಲಿ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರೆ, ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಅಂದ ಹುಡುಗಿ. ತಮಾಷೆ ನೋಡ್ರಿ, 1940ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿದಾಗ ಸಿಕ್ಕಿದ ವಿಷಯ ವಜ್ರವೇ! ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತ ತೆಗೆದರು. ಒಂದೊಂದು ಫೋಟೋ ಪ್ಲೇಟಿಗೆ ಹದಿನೈದು, ಇಪ್ಪತ್ತು ತಾಸು. ಎಷ್ಟೋ ರಾತ್ರಿ ಲ್ಯಾಬಿನಲ್ಲೇ ಮಲಗಿದರು. ಒಬ್ಬರೇ ಐದು ಪ್ರಬಂಧ ಪ್ರಕಟಿಸಿ, 1945ರಲ್ಲಿ ಪಿಎಚ್‌ಡಿಗೆ ಮಹಾಪ್ರಬಂಧ ಕೊಟ್ಟರು. ಎಂ.ಎಸ್ಸಿ. ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಇಂಟರ್ನಲ್ಸ್‌ನಲ್ಲಿ ಎರಡು ಮಾರ್ಕ್ಸ್ ಹೋದ್ರೆ ನಾವು ಎಷ್ಟು ಕೂಗಾಡ್ತೀವಿ!

ಅದೇ ವರ್ಷ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೊರಟರು. ಮನಸ್ಸಿದ್ದದ್ದು ಭೌತಶಾಸ್ತ್ರದ ಮೇಲೆ, ಆದರೆ ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. 1948ರಲ್ಲಿ ವಾಪಸು ಬಂದು ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಅಲ್ಲಿವರೆಗೆ ಸಾಮಾನ್ಯ ಉಪಕರಣಗಳೂ ಹೊರದೇಶದಿಂದಲೇ ಬರಬೇಕಿತ್ತು. 1953ರ ಹೊತ್ತಿಗೆ ಅವರ ಕೈಕೆಳಗೆ 121 ಗಂಡಸರು ಕೆಲಸ ಮಾಡ್ತಿದ್ದರು. ಸುಮಾರು ನೂರು ಉಪಕರಣಗಳ ಡ್ರಾಯಿಂಗ್‌ಗಳನ್ನ ಒಂದೇ ಮಾನಕ್ಕೆ ತಂದು, ಇಲ್ಲೇ ತಯಾರಿಕೆ ಶುರು ಮಾಡಿಸಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರೋದೇ ವಾಸಿ ಅನ್ನೋದು ಅವರ ಹಟ. ನನಗನ್ನಿಸೋದು, ಡ್ರಾಯಿಂಗ್‌ಗಿಂತ ಮುಖ್ಯವಾದದ್ದು ಈ ಹಟವೇ. ಮುನ್ಸೂಚನೆ ಹೇಳುವ ಗಣಿತ ಎಷ್ಟೇ ಚೆನ್ನಾಗಿದ್ದರೂ, ಒಳಗೆ ಹೋಗೋ ಅಂಕಿಯೇ ಸುಳ್ಳಾದರೆ ಹೊರಗೆ ಬರೋದೂ ಸುಳ್ಳೇ ತಾನೆ?

ಓಝೋನ್ ಅಳೆಯುವ ಬಲೂನು ಉಪಕರಣ, ಸೌರ ವಿಕಿರಣ ಕೇಂದ್ರಗಳು, ತುಂಬಾ ರಾಕೆಟ್ ಕೇಂದ್ರದ ಹವಾಮಾನ ಗೋಪುರ, ಇವೆಲ್ಲದರ ಹಿಂದೆಯೂ ಅವರಿದ್ದರು. 1976ರಲ್ಲಿ ನಿವೃತ್ತಿಯಾಗಿ ಮತ್ತೆ ಬೆಂಗಳೂರಿಗೇ ಬಂದರು. ಗಾಳಿಯ ವೇಗ, ಬಿಸಿಲು ಅಳೆಯುವ ಉಪಕರಣ ಮಾಡುವ ಸಣ್ಣ ಕಾರ್ಖಾನೆಯನ್ನೂ ನಡೆಸಿದರು.

2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು. ಪಿಎಚ್‌ಡಿ ಕೊನೆಗೂ ಬರಲಿಲ್ಲ. ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ.