ಉಸಿರಿನ ಯಂತ್ರ ಯಾರ ಸ್ವತ್ತು?

2020ರಲ್ಲಿ ಕೋವಿಡ್ ಉಲ್ಬಣಿಸಿದಾಗ, ಯಾವ ಜಿಲ್ಲಾಸ್ಪತ್ರೆಯಲ್ಲಿ ಎಷ್ಟು ವೆಂಟಿಲೇಟರ್‌ಗಳಿವೆ ಎಂಬ ಲೆಕ್ಕವೇ ದಿನದ ಸುದ್ದಿಯಾಗಿತ್ತು. ಸರ್ಕಾರಿ ಸೇವೆಯಲ್ಲಿ ಆಸ್ಪತ್ರೆ ಉಪಕರಣಗಳ ಖರೀದಿ ಕಡತಗಳನ್ನು ನೋಡಿದ್ದ ನನಗೆ ಆಗ ನೆನಪಾದವರು ಫಿಲಿಪ್ ಡ್ರಿಂಕರ್. ಕಬ್ಬಿಣದ ಶ್ವಾಸಕೋಶವೆಂದೇ ಹೆಸರಾದ ಯಂತ್ರವನ್ನು ಲೋಕಕ್ಕೆ ಕೊಟ್ಟ ಈ ಅಮೆರಿಕನ್ ವೈದ್ಯರಾಗಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ.

1894ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಡ್ರಿಂಕರ್ ಕಲಿತದ್ದು ರಾಸಾಯನಿಕ ಎಂಜಿನಿಯರಿಂಗ್. ಹಾರ್ವರ್ಡ್‌ನ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ಅವರ ವಿಷಯ ಕಾರ್ಖಾನೆಗಳ ದೂಳು ಮತ್ತು ಹೊಗೆ. ಉಸಿರು ನಿಂತವರನ್ನು ಬದುಕಿಸುವ ಸಂಶೋಧನೆಗೆ ಹಣ ಕೊಟ್ಟದ್ದು ನ್ಯೂಯಾರ್ಕ್‌ನ ಒಂದು ಅನಿಲ ಕಂಪನಿ. ಅನಿಲ ಸೋರಿ ಜನ ಸಾಯುತ್ತಿದ್ದ ಕಾಲವದು. ದಾನದೊಳಗೆ ಸ್ವಹಿತವೂ ಇತ್ತೆಂದರೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅಚ್ಚರಿಯಾಗದು.

ಸಹೋದ್ಯೋಗಿ ಲೂಯಿಸ್ ಶಾ ಬೆಕ್ಕೊಂದನ್ನು, ತಲೆ ಮಾತ್ರ ಹೊರಗಿರುವಂತೆ, ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿ ಅದರ ಉಸಿರಾಟವನ್ನು ಅಳೆಯುತ್ತಿದ್ದರು. ಬೆಕ್ಕು ಉಸಿರೆಳೆದಂತೆಲ್ಲ ಪೆಟ್ಟಿಗೆಯೊಳಗಿನ ಒತ್ತಡ ಏರಿಳಿಯುತ್ತಿತ್ತು. ಡ್ರಿಂಕರ್ ಇದನ್ನು ತಿರುವುಮುರುವಾಗಿ ಯೋಚಿಸಿದರು: ಹೊರಗಿನಿಂದ ಒತ್ತಡವನ್ನು ಏರಿಳಿಸಿದರೆ ಎದೆಯೇ ಹಿಗ್ಗಿ ಕುಗ್ಗಬೇಕಲ್ಲವೇ? ಔಷಧದಿಂದ ಸ್ನಾಯುಗಳು ಸ್ತಬ್ಧವಾದ ಬೆಕ್ಕು ಆ ವಿಧಾನದಲ್ಲಿ ಬದುಕುಳಿಯಿತು. ಮನುಷ್ಯನನ್ನು ಮಲಗಿಸುವ ಪೀಪಾಯಿಗೆ ಅವರು ಜೋಡಿಸಿದ್ದು ಕಸ ಹೀರುವ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿಯಂತ್ರಗಳನ್ನು.

1928ರ ಅಕ್ಟೋಬರ್‌ನಲ್ಲಿ, ಬೋಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿ, ಪೋಲಿಯೊದಿಂದ ಪ್ರಜ್ಞೆ ತಪ್ಪಿದ್ದ ಎಂಟು ವರ್ಷದ ಬಾಲಕಿಯನ್ನು ಅದರೊಳಗೆ ಮಲಗಿಸಲಾಯಿತು. ನಿಮಿಷಗಳಲ್ಲಿ ಆಕೆಗೆ ಎಚ್ಚರವಾಯಿತು. ಕೆಲವು ದಿನಗಳ ನಂತರ ನ್ಯುಮೋನಿಯಾದಿಂದ ಆ ಮಗು ತೀರಿಕೊಂಡಿತು. ಮರುವರ್ಷ ಹಾರ್ವರ್ಡ್ ವಿದ್ಯಾರ್ಥಿಯೊಬ್ಬ ಇದರ ನೆರವಿನಿಂದ ಪೂರ್ತಿ ಬದುಕಿಕೊಂಡ.

ಮುಂದಿನ ಅಧ್ಯಾಯ ಅಷ್ಟು ಹಿತಕರವಲ್ಲ. 1931ರಲ್ಲಿ ಜಾನ್ ಎಮರ್ಸನ್ ಎಂಬ ತಯಾರಕ ಇದೇ ಬಗೆಯ, ಹೆಚ್ಚು ಸರಳವಾದ, ಬೆಲೆಯೂ ಕಡಿಮೆಯಾದ ಯಂತ್ರವನ್ನು ಹೊರತಂದಾಗ, ಪೇಟೆಂಟ್ ಉಲ್ಲಂಘನೆಯಾಯಿತೆಂದು ಡ್ರಿಂಕರ್ ಪಕ್ಷದವರು ನ್ಯಾಯಾಲಯಕ್ಕೆ ಹೋದರು. ಜೀವ ಉಳಿಸುವ ಸಾಧನ ಎಲ್ಲರಿಗೂ ದಕ್ಕಬೇಕೆಂಬುದು ಎಮರ್ಸನ್ ವಾದ. ಯಂತ್ರದ ತತ್ತ್ವಗಳು ಮೊದಲೇ ತಿಳಿದಿದ್ದವೆಂದು ಅವರು ತೋರಿಸಿಕೊಟ್ಟರು, ಪೇಟೆಂಟ್‌ಗಳು ಬಿದ್ದುಹೋದವು. ಶ್ರಮಕ್ಕೆ ಪ್ರತಿಫಲ ಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೂ ಟೆಂಡರಿನಲ್ಲಿ ಒಬ್ಬನೇ ಮಾರಾಟಗಾರ ಉಳಿದಾಗ ಬೆಲೆ ಏನಾಗುತ್ತದೆಂಬುದನ್ನು ಕಡತಗಳಲ್ಲಿ ಕಂಡವನಾಗಿ, ಡ್ರಿಂಕರ್ ಸೋತದ್ದು ಒಳ್ಳೆಯದಾಯಿತೆನ್ನುವೆ.

ಯಂತ್ರದ ನಿಜವಾದ ಪರೀಕ್ಷೆ ನ್ಯಾಯಾಲಯದಲ್ಲಲ್ಲ, ರೋಗಿಗಳ ಮಂಚದ ಬಳಿ ಆಗಬೇಕಿತ್ತು. 1952ರಲ್ಲಿ ಕೋಪನ್‌ಹೇಗನ್‌ಗೆ ಪೋಲಿಯೊ ಅಪ್ಪಳಿಸಿದಾಗ ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿದ್ದದ್ದು ಒಂದೇ ಪೀಪಾಯಿ ಯಂತ್ರ ಮತ್ತು ಎದೆಗೆ ಕವಚದಂತೆ ಕೂರುವ ಆರು ಯಂತ್ರಗಳು. ಮೊದಲ 31 ಗಂಭೀರ ರೋಗಿಗಳಲ್ಲಿ 27 ಮಂದಿ ಸತ್ತರು. ಆಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಶ್ವಾಸನಾಳಕ್ಕೆ ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಗಾಳಿ ಊದಿಸಿದರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳೂ ಚೀಲ ಒತ್ತಿದರು. ಸಾವಿನ ಪ್ರಮಾಣ ಸುಮಾರು ಕಾಲು ಭಾಗಕ್ಕೆ ಇಳಿಯಿತು. ಇದು ಚೀಟಿ ಎತ್ತಿ ರೋಗಿಗಳನ್ನು ವಿಂಗಡಿಸಿದ ಪ್ರಯೋಗವೇನಲ್ಲ. ಆದರೆ ಅಂತರ ಅಷ್ಟು ದೊಡ್ಡದಿದ್ದಾಗ ತಕರಾರಿಗೆ ಜಾಗವೆಲ್ಲಿ? ಇಂದಿನ ವೆಂಟಿಲೇಟರ್‌ಗಳು ಹಿಡಿದದ್ದು, ಒಳಗೆ ಗಾಳಿ ತಳ್ಳುವ ಈ ದಾರಿಯನ್ನೇ.

ಡ್ರಿಂಕರ್ ಅಷ್ಟರಲ್ಲಿ ತಮ್ಮ ಮೂಲ ವಿಷಯವಾದ ದೂಳಿಗೇ ಮರಳಿದ್ದರು. ಕಾರ್ಖಾನೆಯ ದೂಳಿನ ಬಗ್ಗೆ 1936ರಲ್ಲಿ ಥಿಯೋಡರ್ ಹ್ಯಾಚ್ ಜೊತೆ ಗ್ರಂಥವನ್ನೂ ಬರೆದಿದ್ದರು. ಅವರು 1972ರಲ್ಲಿ ನಿಧನರಾದರು. 1952ರಲ್ಲಿಯೇ ಪೋಲಿಯೊ ತಗುಲಿದ ಡಲ್ಲಾಸ್‌ನ ಬಾಲಕನೊಬ್ಬ ಕಬ್ಬಿಣದ ಶ್ವಾಸಕೋಶದ ಆಸರೆಯಲ್ಲಿಯೇ ಓದಿ ವಕೀಲನಾಗಿ, 2024ರ ಮಾರ್ಚ್‌ವರೆಗೆ ಬದುಕಿದ್ದರು.